ಮೊದಲ ಮೇಲ್ ಬರೆಯುವವರ ಪಕ್ಕದಲ್ಲಿ ಕುಳಿತು: ಕಲಿಸುವವರಿಗೊಂದು ಕೈಪಿಡಿ

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ತಾನು ಕಳುಹಿಸಿದ್ದ ಉದ್ಯೋಗದ ಅರ್ಜಿಯನ್ನು ಮೊಬೈಲಿನಲ್ಲಿ ನನಗೆ ತೋರಿಸಿದಳು. ವಿಷಯದ ಸಾಲು ಖಾಲಿ. ಒಳಗೂ ಒಂದಕ್ಷರವಿಲ್ಲ. ಲಗತ್ತಿನಲ್ಲಿ ಒಂದೇ ಒಂದು ಫೋಟೊ. ಬಯೋಡೇಟಾದ ಹಾಳೆಯನ್ನು ಮಂಚದ ಮೇಲಿಟ್ಟು ತೆಗೆದ ಆ ಚಿತ್ರದ ಅಂಚಿನಲ್ಲಿ ಹೊದಿಕೆಯ ಹೂವುಗಳು ಕಾಣುತ್ತಿದ್ದವು. ಕಡತಕ್ಕೆ ಹೆಸರೂ ಇರಲಿಲ್ಲ, ವಾಟ್ಸ್‌ಆ್ಯಪ್ ತಾನಾಗಿ ಇಟ್ಟ ಅಂಕಿಗಳ ಸಾಲು ಮಾತ್ರ ಇತ್ತು. ಹೀಗೆಯೇ ಹನ್ನೊಂದು ಕಡೆಗೆ ಕಳುಹಿಸಿದ್ದಳು. ಎಲ್ಲಿಂದಲೂ ಉತ್ತರ ಬಂದಿರಲಿಲ್ಲ. "ನನ್ನ ಅಂಕ ಸಾಲಲಿಲ್ಲ ಎಂದು ಕಾಣುತ್ತದೆ ಸರ್" ಎಂದಳು. ಅವಳ ಅಂಕ ಶೇಕಡಾ 81.

ತಂದೆಯೋ ತಾಯಿಯೋ ಕಚೇರಿಯಲ್ಲಿ ದುಡಿಯುವ ಮನೆಯಲ್ಲಿ ಮಕ್ಕಳಿಗೆ ಮೇಲ್ ಬರೆಯಲು ಯಾರೂ ಪಾಠ ಮಾಡುವುದಿಲ್ಲ. ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಇಣುಕಿ ನೋಡುತ್ತಲೇ ಅವು ಕಲಿತುಬಿಡುತ್ತವೆ. ಮೊದಲ ಅರ್ಜಿ ಕಳುಹಿಸುವ ಮುನ್ನ ಒಮ್ಮೆ ಓದಿ ತಿದ್ದಿಕೊಡಲು ಚಿಕ್ಕಪ್ಪನೋ ಅಕ್ಕನೋ ಇರುತ್ತಾರೆ. ಕೂಲಿಗೆ ಹೋಗುವವರ ಮನೆಯಲ್ಲಿ, ಹಾಸ್ಟೆಲ್ಲಿನ ಕೋಣೆಯಲ್ಲಿ, ಹಾಡಿಯಲ್ಲಿ, ತಾಂಡಾದಲ್ಲಿ ಆ ಒಬ್ಬರು ಇರುವುದಿಲ್ಲ. ಯಾರೂ ಹೇಳಿಕೊಡದ ನಿಯಮದ ಮೇಲೆ ಅಳೆದು, ಅದನ್ನು ಅರಿಯದವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸುವುದು ಅನ್ಯಾಯ ಎಂದು ನಾನು ನಂಬಿದ್ದೇನೆ. ಆದ್ದರಿಂದ ಆ ನಿಯಮಗಳನ್ನು ಬಾಯಿಬಿಟ್ಟು ಹೇಳಿ ಕಲಿಸಬೇಕು. ವಾರಾಂತ್ಯಗಳಲ್ಲಿ ವಿದ್ಯಾರ್ಥಿನಿಲಯದ ಮಕ್ಕಳೊಂದಿಗೆ ಕುಳಿತು ನಾನು ಕಂಡುಕೊಂಡ ದಾರಿ ಇಲ್ಲಿದೆ. ಉಪನ್ಯಾಸಕರು, ವಾರ್ಡನ್‌ಗಳು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳ (ಗ್ರಂಥಾಲಯಗಳ) ಮೇಲ್ವಿಚಾರಕರು, ಬಿಡುವಿರುವ ನಿವೃತ್ತ ನೌಕರರು, ಯಾರು ಬೇಕಾದರೂ ಇದನ್ನು ಅನುಸರಿಸಬಹುದು.

ಮೊದಲ ಹೆಜ್ಜೆ: ರಜಾ ಅರ್ಜಿಯಿಂದ ಆರಂಭಿಸಿ

ಮೊದಲ ದಿನ ಕಂಪ್ಯೂಟರ್ ತೆರೆಯಬೇಡಿ. ಬಿಳಿ ಹಾಳೆ ಕೊಟ್ಟು, ಎರಡು ದಿನದ ರಜೆ ಕೇಳಿ ಪ್ರಾಂಶುಪಾಲರಿಗೆ ಅರ್ಜಿ ಬರೆಯಲು ಹೇಳಿ. ಕನ್ನಡ ಮಾಧ್ಯಮದಲ್ಲಿ ಓದಿದವರೆಲ್ಲರೂ ಪ್ರೌಢಶಾಲೆಯಲ್ಲಿ ಪತ್ರಲೇಖನ ಕಲಿತಿರುತ್ತಾರೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಒಕ್ಕಣೆ, ಇಂತಿ ತಮ್ಮ ವಿಶ್ವಾಸಿ ಎಂಬ ಕ್ರಮ ಅವರ ಕೈಯಲ್ಲೇ ಕುಳಿತಿರುತ್ತದೆ. ಬರೆದಾದ ಮೇಲೆ ಮೇಲ್‌ನ ಚೌಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿ ಪಕ್ಕಪಕ್ಕದಲ್ಲಿ ತೋರಿಸಿ. 'ಇವರಿಗೆ' ಎಂಬುದೇ 'ಟು'. 'ವಿಷಯ' ಎಂಬುದೇ 'ಸಬ್ಜೆಕ್ಟ್'. 'ಇವರಿಂದ' ಎಂಬುದನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಸರ್ಕಾರಿ ಪತ್ರಗಳ ಕೆಳಗೆ 'ಪ್ರತಿಯನ್ನು ಮಾಹಿತಿಗಾಗಿ' ಎಂದು ಬರೆದು ಇನ್ನಿಬ್ಬರ ಹೆಸರು ಹಾಕುತ್ತಾರಲ್ಲ, ಅದೇ 'ಸಿಸಿ'.

ಇದನ್ನು ತೋರಿಸಿದಾಗ ಮಕ್ಕಳ ಮುಖದಲ್ಲಿ ಕಾಣುವ ನಿರಾಳವನ್ನು ನೀವೇ ನೋಡಬೇಕು. ತಮಗೆ ಗೊತ್ತಿದ್ದ ವಿದ್ಯೆಗೇ ಇನ್ನೊಂದು ಹೆಸರಿದೆ ಎಂದು ತಿಳಿದವರು ಮುಂದಿನ ಪಾಠಕ್ಕೆ ಹೆದರಿಕೊಂಡು ಬರುವುದಿಲ್ಲ.

ವಿಳಾಸದ ನಡುವಿನ 'ಅಟ್' ಗುರುತನ್ನೂ ಅಂದೇ ವಿವರಿಸಿ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸುವಾಗ, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಈ ಗುರುತನ್ನು ಇಟ್ಟರು. ಇಂಥ ಊರಿನಲ್ಲಿರುವ ಇಂಥವರು ಎಂಬಷ್ಟೇ ಅದರ ಅರ್ಥ. ಅರ್ಥ ತಿಳಿದರೆ ತಪ್ಪುಗಳೂ ಕಡಿಮೆಯಾಗುತ್ತವೆ. ವಿಳಾಸದ ಮುಂದೆ ಮೂರು 'ಡಬ್ಲ್ಯು' ಸೇರಿಸುವುದು, ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕುವುದು, ನಡುವೆ ಜಾಗ ಬಿಡುವುದು, 'ಕಾಮ್' ಎನ್ನುವಲ್ಲಿ 'ಕಾನ್' ಎಂದು ಒತ್ತುವುದು, ಈ ನಾಲ್ಕನ್ನು ನಾನು ಪ್ರತಿ ತಂಡದಲ್ಲೂ ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಖಾತೆ ಅವರದೇ ಆಗಿರಲಿ

'ನಿನ್ನ ಮೇಲ್ ಐಡಿ ಏನು?' ಎಂದು ಕೇಳಿ ನೋಡಿ. 'ಸೈಬರ್ ಸೆಂಟರಿನವರು ಮಾಡಿಕೊಟ್ಟಿದ್ದಾರೆ' ಎಂಬ ಉತ್ತರ ಹಲವರಿಂದ ಬರುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೋ ಪ್ರವೇಶ ಪರೀಕ್ಷೆಗೋ ತುರ್ತಾಗಿ ಬೇಕೆಂದು ಅಂಗಡಿಯವರು ಖಾತೆ ತೆರೆದಿರುತ್ತಾರೆ. ಗುಪ್ತಪದ ಅವರ ನೋಟ್‌ಬುಕ್ಕಿನಲ್ಲಿರುತ್ತದೆ. ಓಟಿಪಿ ಹೋಗುವುದು ಅಣ್ಣನ ಹಳೆಯ ನಂಬರಿಗೆ, ಆ ಸಿಮ್ ಎಂದೋ ಬಂದ್ ಆಗಿರುತ್ತದೆ. ಸಂದರ್ಶನದ ಪತ್ರ ಆ ಖಾತೆಗೇ ಬಂದು ಬಿದ್ದಿದ್ದರೂ ಇವರಿಗೆ ಬಾಗಿಲು ತೆರೆಯುವುದಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಯೂ ಹಾಕಬಹುದು.

ಹಾಗಾಗಿ ಎರಡನೆಯ ತರಗತಿಯನ್ನು ಪೂರ್ತಿ ಇದಕ್ಕೇ ಮೀಸಲಿಡಿ. ಹಳೆಯ ಖಾತೆ ಸಿಕ್ಕರೆ ಗುಪ್ತಪದ ಬದಲಿಸಿ, ಈಗ ಬಳಸುತ್ತಿರುವ ನಂಬರನ್ನು ಸೇರಿಸಿ. ಸಿಗದಿದ್ದರೆ ಹೊಸದು ತೆರೆಯಿರಿ. ವಿಳಾಸದಲ್ಲಿ ಹೆಸರು ಮತ್ತು ಇನಿಷಿಯಲ್ ಇರಲಿ, ಅದು ಸಿಗದಿದ್ದರೆ ಎರಡು ಅಂಕಿ ಸೇರಿಸಬಹುದು. ನೆಚ್ಚಿನ ನಟನ ಹೆಸರೋ 'ಕಿಲಾಡಿ', 'ರೌಡಿ' ಎಂಬ ಅಡ್ಡಹೆಸರೋ ಬೇಡ. ಹುಟ್ಟಿದ ದಿನಾಂಕ ವಿಳಾಸದಲ್ಲೂ ಬೇಡ, ಗುಪ್ತಪದದಲ್ಲಿ ಮೊದಲೇ ಬೇಡ. ಕಳುಹಿಸುವವರ ಹೆಸರಾಗಿ ಎದುರಿನವರಿಗೆ ಏನು ಕಾಣುತ್ತದೆ ಎಂಬುದನ್ನು ತಪ್ಪದೆ ಪರೀಕ್ಷಿಸಿ. ನನ್ನ ತರಗತಿಯ ಒಬ್ಬನ ಅರ್ಜಿಗಳೆಲ್ಲವೂ ಅವನ ಮೊಬೈಲ್ ಕಂಪನಿಯ ಹೆಸರಿನಲ್ಲೇ ಹೋಗುತ್ತಿದ್ದವು.

ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ಅದು ಅಪ್ಪನದೋ ತಮ್ಮನದೋ ಆಗಿರುವ ಹುಡುಗಿಯರ ಬಗ್ಗೆ ವಿಶೇಷ ಗಮನ ಬೇಕು. ಒಂದೇ ಫೋನಿನಲ್ಲಿ ಎರಡು ಖಾತೆ ಇಟ್ಟುಕೊಳ್ಳುವುದು, ಕಾಲೇಜಿನ ಕಂಪ್ಯೂಟರಿನಲ್ಲಿ ನೋಡಿ ಮರೆಯದೆ ಸೈನ್ ಔಟ್ ಮಾಡುವುದು, ಇವೆರಡನ್ನೂ ಕೈಹಿಡಿದು ಮಾಡಿಸಿ. ಗುಪ್ತಪದವನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ತಳದಲ್ಲಿಟ್ಟರೆ ತಪ್ಪೇನಿಲ್ಲ. ಅಂಗಡಿಯವರ ನೋಟ್‌ಬುಕ್ಕಿಗಿಂತ ಅದು ಎಷ್ಟೋ ಸುರಕ್ಷಿತ. ಖಾತೆಗೆ ಭಾವಚಿತ್ರ ಹಾಕಲೇಬೇಕೆಂಬ ನಿಯಮವಿಲ್ಲ ಎಂದೂ ತಿಳಿಸಿ. ಅದು ಗೊತ್ತಾದರೆ ಎಷ್ಟೋ ಹೆಣ್ಣುಮಕ್ಕಳ ಅಳುಕು ಕಳೆಯುತ್ತದೆ.

ಮೂರನೆಯ ಹೆಜ್ಜೆ: ವಿಷಯದ ಸಾಲು

ದಿನಕ್ಕೆ ನೂರು ಮೇಲ್ ನೋಡುವ ಗುಮಾಸ್ತರು ಮೊದಲು ಓದುವುದು ಈ ಸಾಲನ್ನು. ಖಾಲಿ ಇದ್ದರೆ ಅಥವಾ 'ಜಾಬ್', 'ಹಾಯ್', 'ಅರ್ಜೆಂಟ್' ಎಂದಷ್ಟೇ ಇದ್ದರೆ ತೆರೆಯದೆ ಮುಂದೆ ಹೋಗಿಬಿಡಬಹುದು. ಯಾವ ಕೆಲಸ, ಯಾರಿಂದ, ಅರ್ಜಿಗೆ ಸಂಖ್ಯೆಯಿದ್ದರೆ ಅದು ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರವಿರಲಿ. 'ಲೆಕ್ಕ ಸಹಾಯಕ ಹುದ್ದೆಗೆ ಅರ್ಜಿ', ಆಮೇಲೆ ಒಂದು ಗೆರೆ, ಆಮೇಲೆ ಹೆಸರು. 'ವಿದ್ಯಾರ್ಥಿವೇತನ ಜಮೆಯಾಗದಿರುವ ಬಗ್ಗೆ', ಆಮೇಲೆ ಅರ್ಜಿಯ ಸಂಖ್ಯೆ. ಇಷ್ಟು ಸಾಕು.

ಅಭ್ಯಾಸಕ್ಕೆ ಒಂದು ಆಟ ಆಡಿಸಿ. ಹತ್ತು ಸಂದರ್ಭಗಳನ್ನು ಚೀಟಿಗಳಲ್ಲಿ ಬರೆದು ಹಂಚಿ. ಅಂಕಪಟ್ಟಿಯಲ್ಲಿ ತಾಯಿಯ ಹೆಸರು ತಪ್ಪಾಗಿದೆ, ಸಂದರ್ಶನದ ದಿನ ಪರೀಕ್ಷೆ ಇದೆ, ಬಸ್ ಪಾಸ್ ಬಂದಿಲ್ಲ, ಇಂಥವು. ಪ್ರತಿಯೊಬ್ಬರೂ ವಿಷಯದ ಸಾಲನ್ನು ಮಾತ್ರ ಬರೆಯಲಿ, ಪಕ್ಕದವರು ಅದನ್ನು ಓದಿ ಸಂದರ್ಭವೇನೆಂದು ಊಹಿಸಲಿ. ಊಹೆ ತಪ್ಪಿದರೆ ಸಾಲನ್ನು ತಿದ್ದಬೇಕು. ಶಿಕ್ಷಕರು ಬಾಯಿ ತೆರೆಯಬೇಕಾದ ಅಗತ್ಯವೇ ಬರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬೇಡುವುದನ್ನು ಬಿಡಿಸಿ, ಕೇಳುವುದನ್ನು ಕಲಿಸಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಿಲ್ಲುವುದು ಇಲ್ಲಿ. ಮಕ್ಕಳ ಮೊದಲ ಕರಡುಗಳನ್ನು ಓದಿದರೆ ಎದೆ ಭಾರವಾಗುತ್ತದೆ. 'ನಾನು ಕಡುಬಡವ. ನನ್ನ ತಂದೆ ತೀರಿಕೊಂಡಿದ್ದಾರೆ. ತಾವು ದೊಡ್ಡ ಮನಸ್ಸು ಮಾಡಿ ಕೆಲಸ ಕೊಟ್ಟರೆ ಸಾಯುವವರೆಗೂ ಋಣಿಯಾಗಿರುತ್ತೇನೆ ಎಂದು ಕೈಮುಗಿದು ಬೇಡಿಕೊಳ್ಳುತ್ತೇನೆ.' ಇಂಗ್ಲಿಷಿನಲ್ಲಿ ಬರೆದರೂ ಇದೇ ಧಾಟಿ. ತಾನು ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಕಲಿತದ್ದು, ಎನ್ಎಸ್ಎಸ್ ಶಿಬಿರ ನಡೆಸಿದ್ದು, ಯಾವುದೂ ಅಲ್ಲಿರುವುದಿಲ್ಲ.

ಇದನ್ನು ಓದಿ ಯಾರೂ ನಗದಿರಲಿ. ಅಮಲ್ದಾರರ ಮುಂದೆ, ಶಾನುಭೋಗರ ಮುಂದೆ, ಜಮೀನ್ದಾರರ ಜಗುಲಿಯ ಕೆಳಗೆ ನಿಂತು ಮಾತಾಡಿದ ತಲೆಮಾರುಗಳಿಗೆ ಬೇರೆ ಧಾಟಿಯಲ್ಲಿ ಮಾತಾಡಲು ಅವಕಾಶವೇ ಇರಲಿಲ್ಲ. ಅರ್ಜಿ ಎಂದರೆ ಬೇಡಿಕೆ, ಬೇಡಿಕೆ ಎಂದರೆ ತಲೆ ತಗ್ಗಿಸುವುದು ಎಂಬ ಪಾಠ ಮನೆಯಿಂದ ಮನೆಗೆ ಇಳಿದು ಬಂದಿದೆ. ಆ ಭಾರವನ್ನು ಇಪ್ಪತ್ತರ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಟೈಪ್ ಮಾಡುವಾಗಲೂ ಹೊತ್ತಿರುತ್ತಾಳೆ.

ನಾನು ತರಗತಿಯಲ್ಲಿ ಸಂವಿಧಾನದ 16ನೇ ವಿಧಿಯನ್ನು ಓದಿಸುತ್ತೇನೆ. ಸರ್ಕಾರಿ ಉದ್ಯೋಗದಲ್ಲಿ ಎಲ್ಲ ನಾಗರಿಕರಿಗೂ ಸಮಾನ ಅವಕಾಶ ಎಂದು ಅದು ಹೇಳುತ್ತದೆ. ಅರ್ಹತೆ ಇದ್ದವರು ಅರ್ಜಿ ಹಾಕುವುದು ಯಾರ ಉಪಕಾರವೂ ಅಲ್ಲ. ವಿದ್ಯಾರ್ಥಿವೇತನ ಸಲ್ಲಬೇಕಾದ ಹಣ, ಅದು ತಡವಾದರೆ ಏಕೆಂದು ಕೇಳಬಹುದು. ಖಾಸಗಿ ಸಂಸ್ಥೆಗೆ ಆಳು ಬೇಕಾಗಿದೆ, ಇವರಿಗೆ ಕೆಲಸ ಬೇಕಾಗಿದೆ, ಅಗತ್ಯ ಎರಡೂ ಕಡೆಗಿದೆ.

ಆಮೇಲೆ ಒಂದೊಂದೇ ವಾಕ್ಯವನ್ನು ಎತ್ತಿಕೊಂಡು ಬದಲಿಸಿ ನೋಡುತ್ತೇವೆ. 'ತಾವು ದಯಮಾಡಿ ನನಗೆ ಕೆಲಸ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ' ಎಂಬುದು 'ಈ ಹುದ್ದೆಗೆ ನನ್ನ ಅರ್ಜಿಯನ್ನು ಪರಿಗಣಿಸಬೇಕೆಂದು ಕೋರುತ್ತೇನೆ' ಎಂದಾಗುತ್ತದೆ. 'ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ, ನನ್ನ ಹಣ ಬಂದಿಲ್ಲ' ಎಂಬುದು 'ಮಾರ್ಚ್ ತಿಂಗಳ ಕಂತು ಜಮೆಯಾಗಿಲ್ಲ. ಅರ್ಜಿಯ ಈಗಿನ ಸ್ಥಿತಿಯನ್ನು ತಿಳಿಸಬೇಕೆಂದು ಕೋರುತ್ತೇನೆ' ಎಂದಾಗುತ್ತದೆ. ವಿನಯ ಎರಡರಲ್ಲೂ ಇದೆ. ಎರಡನೆಯದರಲ್ಲಿ ಬರೆದವರ ಬೆನ್ನು ನೆಟ್ಟಗಿದೆ.

ಮನೆಯ ಕಷ್ಟವನ್ನು ಬರೆಯಲೇಬಾರದೇ ಎಂದು ಮಕ್ಕಳು ಕೇಳುತ್ತಾರೆ. ಶುಲ್ಕ ವಿನಾಯಿತಿ, ಆದಾಯ ನೋಡಿ ಕೊಡುವ ನೆರವು, ಹಾಸ್ಟೆಲ್ ಪ್ರವೇಶ, ಇಂಥ ಕಡೆ ಅದು ಬೇಕಾದ ಮಾಹಿತಿ. ಅಲ್ಲಿ ಅಂಕಿಅಂಶ ಸಮೇತ ನೇರವಾಗಿ ಬರೆಯಬೇಕು. ಉದ್ಯೋಗದ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ. ಜಾತಿಯೂ ಹಾಗೆಯೇ. ಮೀಸಲಾತಿ ಅನ್ವಯಿಸುವಲ್ಲಿ ಕೇಳಿದ ಪ್ರಮಾಣಪತ್ರ ಕೊಡುವುದು ಹಕ್ಕು, ಕೇಳದ ಕಡೆ ತಾವಾಗಿ ಹೇಳಿಕೊಳ್ಳುವ ಅಗತ್ಯವಿಲ್ಲ.

ಸಂಬೋಧನೆಯ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನಲ್ಲಿ ಎಲ್ಲರಿಗೂ 'ಸರ್' ಎಂದು ಬರೆದು ಮಹಿಳಾ ಅಧಿಕಾರಿಗಳಿಗೆ ಇರುಸುಮುರುಸು ತರುವುದು ಸಾಮಾನ್ಯ. ಹೆಸರು ಗೊತ್ತಿದ್ದರೆ ಹೆಸರು ಬಳಸಲಿ, ಗೊತ್ತಿಲ್ಲದಿದ್ದರೆ 'ಸರ್ ಅಥವಾ ಮೇಡಂ' ಎಂದು ಎರಡನ್ನೂ ಬರೆಯಲಿ. ನಮ್ಮ ಕನ್ನಡದ 'ಮಾನ್ಯರೇ' ಹೆಣ್ಣಿಗೂ ಗಂಡಿಗೂ ಸಲ್ಲುವ ಪದ. ಇದನ್ನು ಹೇಳಿಕೊಡುವಾಗಲೆಲ್ಲ ನನಗೆ ಒಳಗೊಳಗೇ ಹೆಮ್ಮೆ.

ಐದನೆಯ ಹೆಜ್ಜೆ: ಒಕ್ಕಣೆ

ಆರೇಳು ವಾಕ್ಯಗಳು ಸಾಕು. ಯಾವ ಜಾಹೀರಾತು ನೋಡಿ ಬರೆಯುತ್ತಿದ್ದೇನೆ, ನಾನು ಯಾರು, ಈ ಕೆಲಸಕ್ಕೆ ಏನು ಬಲ್ಲೆ, ಏನನ್ನು ಲಗತ್ತಿಸಿದ್ದೇನೆ, ನನ್ನನ್ನು ಹೇಗೆ ತಲುಪಬಹುದು. ಮೊದಲು ಹೇಳಿದ ಹುಡುಗಿಯೊಂದಿಗೆ ಕುಳಿತು ಬರೆದ ಕರಡು ಇದು:

ವಿಷಯ: ಲೆಕ್ಕ ಸಹಾಯಕ ಹುದ್ದೆಗೆ ಅರ್ಜಿ – (ಹೆಸರು), ಬಿ.ಕಾಂ.

ಮಾನ್ಯರೇ,

ನಮಸ್ಕಾರ. ಜೂನ್ 12ರ ಪತ್ರಿಕೆಯಲ್ಲಿ ಪ್ರಕಟವಾದ ತಮ್ಮ ಸಂಸ್ಥೆಯ ಲೆಕ್ಕ ಸಹಾಯಕ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಈ ವರ್ಷ ಶೇಕಡಾ 81 ಅಂಕಗಳೊಂದಿಗೆ ಬಿ.ಕಾಂ. ಮುಗಿಸಿದ್ದೇನೆ. ಟ್ಯಾಲಿ ಬಳಸಲು ಬಲ್ಲೆ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕ ಬರೆಯಲು ಎರಡು ವರ್ಷ ನೆರವಾಗಿದ್ದೇನೆ. ಬಯೋಡೇಟಾ ಮತ್ತು ಅಂಕಪಟ್ಟಿಯನ್ನು ಲಗತ್ತಿಸಿದ್ದೇನೆ. ಸಂದರ್ಶನದ ದಿನಾಂಕವನ್ನು ಒಂದು ದಿನ ಮುಂಚಿತವಾಗಿ ತಿಳಿಸಿದರೆ ಪ್ರಯಾಣಕ್ಕೆ ಅನುಕೂಲವಾಗುತ್ತದೆ.

ವಂದನೆಗಳೊಂದಿಗೆ,
(ಹೆಸರು, ಊರು, ಮೊಬೈಲ್ ಸಂಖ್ಯೆ)

ಹಾಲಿನ ಡೇರಿಯ ಸಾಲು ಅವಳ ಬಯೋಡೇಟಾದಲ್ಲಿ ಇರಲೇ ಇಲ್ಲ. 'ಅದು ಮನೆಯ ಪಕ್ಕದ ಡೇರಿ, ಕಾರ್ಯದರ್ಶಿಗೆ ಕಣ್ಣು ಕಾಣಿಸುವುದಿಲ್ಲವೆಂದು ಬರೆದುಕೊಡುತ್ತಿದ್ದೆ' ಎಂದಳು. ಅದನ್ನು ಅವಳು ಕೆಲಸವೆಂದೇ ಎಣಿಸಿರಲಿಲ್ಲ. ಆದ್ದರಿಂದ ಒಕ್ಕಣೆ ಬರೆಸುವ ಮುನ್ನ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಮಾತಾಡಿಸಿ. ಸಂತೆಯಲ್ಲಿ ವ್ಯಾಪಾರ ಮಾಡಿದವರು, ಅಜ್ಜಿಯ ಪಿಂಚಣಿಗಾಗಿ ನಾಡಕಚೇರಿಗೆ ಅಲೆದವರು, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದವರು ಆ ಗುಂಪಿನಲ್ಲಿರುತ್ತಾರೆ. ಅದೆಲ್ಲವೂ ಅನುಭವವೇ.

ಯಾವ ಭಾಷೆಯಲ್ಲಿ ಬರೆಯಬೇಕು? ರಾಜ್ಯ ಸರ್ಕಾರದ ಕಚೇರಿಗಾದರೆ ಸಂಕೋಚವಿಲ್ಲದೆ ಕನ್ನಡದಲ್ಲಿ. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದ ಪ್ರಕಾರ ಕನ್ನಡವೇ ರಾಜ್ಯದ ಆಡಳಿತ ಭಾಷೆ. ಆದರೆ ಎಲ್ಲ ಯಂತ್ರಗಳೂ ಗುರುತಿಸುವ ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದುದನ್ನು ಮೇಲ್‌ಗೆ ಅಂಟಿಸಿದರೆ ಎದುರಿನವರಿಗೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದರೆ ಈ ತೊಂದರೆಯಿಲ್ಲ. ಟೈಪಿಂಗ್ ಬಾರದವರು ಬಾಯಲ್ಲಿ ಹೇಳಿ ಬರೆಸಬಹುದು, ಚುಕ್ಕಿ ಮತ್ತು ಅಲ್ಪವಿರಾಮಗಳನ್ನು ಮಾತ್ರ ಆಮೇಲೆ ತಾವೇ ಹಾಕಿಕೊಳ್ಳಬೇಕು.

ಬೆಂಗಳೂರಿನ ಖಾಸಗಿ ಕಂಪನಿಗಳಿಗೆ ಇಂಗ್ಲಿಷ್ ಬೇಕಾಗುತ್ತದೆ. ಚಿಕ್ಕ ವಾಕ್ಯಗಳ ಸರಳ ಇಂಗ್ಲಿಷ್ ಸಾಕು ಎಂದು ಧೈರ್ಯ ಹೇಳಿ. ಈಗ ಮಕ್ಕಳು ಎಐ ಸಾಧನಗಳಿಂದ ಬರೆಸಿಕೊಳ್ಳುತ್ತಾರೆ. ನಾನು ತಡೆಯುವುದಿಲ್ಲ. ಮನೆಯಲ್ಲಿ ತಿದ್ದಿಕೊಡುವ ಅಕ್ಕ ಇಲ್ಲದವರಿಗೆ ಅದೂ ಒಂದು ಆಸರೆ. ಆದರೆ ಮೊದಲು ತಮ್ಮ ಮಾತಿನಲ್ಲಿ ಬರೆದು, ಆಮೇಲೆ ವ್ಯಾಕರಣ ತಿದ್ದಲು ಮಾತ್ರ ಕೇಳಬೇಕೆಂಬುದು ನಮ್ಮ ತರಗತಿಯ ನಿಯಮ. ಬಂದುದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು. 'ನಿಮ್ಮ ಹೆಸರನ್ನು ಇಲ್ಲಿ ಬರೆಯಿರಿ' ಎಂಬ ಸಾಲು ಹಾಗೆಯೇ ಉಳಿದ ಅರ್ಜಿಗಳನ್ನು ನೋಡಿದ್ದೇನೆ. ತಾನು ಉಚ್ಚರಿಸಲಾಗದ ಪದ ಅರ್ಜಿಯಲ್ಲಿದ್ದರೆ ಸಂದರ್ಶನದಲ್ಲಿ ಅದೇ ಕಾಲಿಗೆ ತೊಡರುತ್ತದೆ.

ಆರನೆಯ ಹೆಜ್ಜೆ: ಲಗತ್ತು

ಮಂಚದ ಮೇಲಿನ ಫೋಟೊ ಬೇಡ. ಆಂಡ್ರಾಯ್ಡ್ ಮೊಬೈಲಿನಲ್ಲಿ ಗೂಗಲ್ ಡ್ರೈವ್ ಇದ್ದರೆ ಅದರಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯವಿದೆ. ಹಾಳೆಯ ಅಂಚು ಕತ್ತರಿಸಿ, ನೆರಳು ತೆಗೆದು ಪಿಡಿಎಫ್ ಮಾಡಿಕೊಡುತ್ತದೆ. ಅಂಗಡಿಗೆ ಹಣ ಕೊಡಬೇಕಾಗಿಲ್ಲ. ಕಡತಕ್ಕೆ ತನ್ನ ಹೆಸರು ಮತ್ತು ದಾಖಲೆಯ ಹೆಸರು ಇಡಬೇಕು. ಜಿಮೇಲ್‌ನಲ್ಲಿ ಒಟ್ಟು 25 ಎಂಬಿವರೆಗೆ ಲಗತ್ತಿಸಬಹುದು. ಅದನ್ನು ಮೀರಿದರೆ ಡ್ರೈವ್ ಕೊಂಡಿ ಹೋಗುತ್ತದೆ, ಆಗ ನೋಡುವ ಅನುಮತಿ ಕೊಟ್ಟಿದೆಯೇ ಎಂದು ಪರೀಕ್ಷಿಸದಿದ್ದರೆ ಎದುರಿನವರಿಗೆ ಕಾಣುವುದು ಮುಚ್ಚಿದ ಬಾಗಿಲು.

ಆಧಾರ್ ಪ್ರತಿಯನ್ನು ಕೇಳದೆ ಯಾರಿಗೂ ಕಳುಹಿಸಬಾರದು. ಕೇಳಿದರೂ ಮೊದಲ ಎಂಟು ಅಂಕಿಗಳು ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗಬಹುದು. ನೋಂದಣಿ ಶುಲ್ಕ, ಸಮವಸ್ತ್ರದ ಠೇವಣಿ ಎಂದು ಹಣ ಕೇಳುವ ಉದ್ಯೋಗದ ಮೇಲ್ ಬಂದರೆ ಅದು ವಂಚನೆ ಎಂದೇ ತಿಳಿಯಲು ಹೇಳಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕೆಲಸದ ಆಸೆ ಹೆಚ್ಚಿದ್ದಷ್ಟೂ ಬಲೆಗೆ ಬೀಳುವ ಸಾಧ್ಯತೆ ಹೆಚ್ಚು, ಹಾಗಾಗಿ ಈ ಮಾತನ್ನು ಎರಡು ಸಲ ಹೇಳಿ.

ಕೆಲಸದ ಕ್ರಮವನ್ನೂ ರೂಢಿ ಮಾಡಿಸಿ: ಮೊದಲು ಲಗತ್ತು, ಆಮೇಲೆ ಒಕ್ಕಣೆ, ಆಮೇಲೆ ವಿಷಯ, ಕಟ್ಟಕಡೆಗೆ ವಿಳಾಸ. ವಿಳಾಸ ಇಲ್ಲದ ಮೇಲ್ ಅಪ್ಪಿತಪ್ಪಿಯೂ ಹೋಗುವುದಿಲ್ಲ. ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ 30 ಸೆಕೆಂಡಿಗೆ ಏರಿಸಿ. ಆ ಅರ್ಧ ನಿಮಿಷ ಎಷ್ಟೋ ಜನರನ್ನು ಕಾಪಾಡಿದೆ.

ಏಳನೆಯ ಹೆಜ್ಜೆ: ಕಳುಹಿಸಿದ ಮೇಲೆ

ವಾಟ್ಸ್‌ಆ್ಯಪ್ ಸಂದೇಶ ಬಂದರೆ ಮೊಬೈಲ್ ಕೂಗಿ ಕರೆಯುತ್ತದೆ. ಮೇಲ್ ಸದ್ದಿಲ್ಲದೆ ಬಂದು ಕುಳಿತಿರುತ್ತದೆ. ಸಂದರ್ಶನ ಮುಗಿದ ನಾಲ್ಕು ದಿನದ ಮೇಲೆ ಆಹ್ವಾನವನ್ನು ತೆರೆದು ನೋಡಿ ಅತ್ತ ಹುಡುಗನನ್ನು ನಾನು ಮರೆಯಲಾರೆ. ದಿನಕ್ಕೆ ಎರಡು ಹೊತ್ತು, ಬೆಳಗಿನ ತಿಂಡಿಗೆ ಮೊದಲು ಮತ್ತು ಸಂಜೆ, ಇನ್‌ಬಾಕ್ಸನ್ನೂ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡುವ ಅಭ್ಯಾಸವನ್ನು ಅಂದಿನಿಂದ ಹಲ್ಲುಜ್ಜುವುದರಷ್ಟೇ ಕಟ್ಟುನಿಟ್ಟಾಗಿ ಮಾಡಿಸುತ್ತೇನೆ.

ಬಂದ ಮೇಲ್‌ಗೆ ಒಂದು ದಿನದೊಳಗೆ ಉತ್ತರಿಸಬೇಕು. ಕೈಮುಗಿಯುವ ಚಿತ್ರವಾಗಲಿ 'ಓಕೆ' ಎಂಬ ಒಂದು ಪದವಾಗಲಿ ಉತ್ತರವಾಗುವುದಿಲ್ಲ. 'ಸಂದರ್ಶನದ ಆಹ್ವಾನ ತಲುಪಿದೆ, ಜುಲೈ 3ರಂದು ಬೆಳಿಗ್ಗೆ 10 ಗಂಟೆಗೆ ಬರುತ್ತೇನೆ' ಎಂದು ದಿನಾಂಕ ಸಮೇತ ಬರೆಯಬೇಕು. ಬರಲಾಗದಿದ್ದರೂ ಬರೆಯಬೇಕು. ಹತ್ತಾರು ಜನರಿಗೆ ಒಟ್ಟಿಗೆ ಬಂದ ಮೇಲ್‌ನಲ್ಲಿ 'ರಿಪ್ಲೈ ಆಲ್' ಒತ್ತಿದರೆ ತನ್ನ ಮಾತು ಎಲ್ಲರಿಗೂ ಹೋಗುತ್ತದೆ ಎಂಬುದನ್ನು ಕೋಣೆಯಲ್ಲೇ ಒಮ್ಮೆ ಮಾಡಿ ತೋರಿಸಿ. ಎಲ್ಲ ಕಂಪನಿಗಳ ವಿಳಾಸವನ್ನೂ ಒಂದೇ ಮೇಲ್‌ನ 'ಟು'ನಲ್ಲಿ ಹಾಕಿ ಅರ್ಜಿ ಕಳುಹಿಸುವುದೂ ಬೇಡ.

ಉತ್ತರ ಬಾರದಿದ್ದರೆ? ಏಳೆಂಟು ದಿನ ಕಾದು, ಅದೇ ಮೇಲ್‌ಗೆ ಜೋಡಿಸಿ ಎರಡು ವಾಕ್ಯದ ನೆನಪೋಲೆ ಬರೆಯಬೇಕು. ಮರುನೆನಪಿಸುವುದು ಉದ್ಧಟತನ ಎಂದು ನಮ್ಮ ಮಕ್ಕಳು ಭಾವಿಸಿರುತ್ತಾರೆ, ಅದು ಕಚೇರಿಗಳಲ್ಲಿ ದಿನನಿತ್ಯದ ಕೆಲಸವೆಂದು ಹೇಳಬೇಕು. ಮೇಲಿನ ಕರಡನ್ನು ಕಳುಹಿಸಿದ ಹುಡುಗಿಗೂ ನೆನಪೋಲೆಯ ನಂತರವೇ ಉತ್ತರ ಬಂದದ್ದು. ಹುದ್ದೆ ಭರ್ತಿಯಾಗಿದೆ ಎಂದಿತ್ತು. ಅವಳು ಅದನ್ನು ನನಗೆ ಓಡಿಬಂದು ತೋರಿಸಿದಳು. ಹನ್ನೆರಡು ಅರ್ಜಿಗಳ ನಂತರ ಯಾರೋ ಒಬ್ಬರು ಅವಳ ಹೆಸರು ಬರೆದು ಉತ್ತರಿಸಿದ್ದರು.

ಸರ್ಕಾರಿ ಕಚೇರಿಯಿಂದ ಎರಡು ಸಲವೂ ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು 2005ರ ಮಾಹಿತಿ ಹಕ್ಕು ಕಾಯ್ದೆ. ಅದರ ಅಡಿ ಅರ್ಜಿಯನ್ನು ಕನ್ನಡದಲ್ಲಿ, ವಿದ್ಯುನ್ಮಾನ ರೂಪದಲ್ಲೂ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಹಿಂದೆ ಕಳುಹಿಸಿದ ಮೇಲ್‌ಗಳು, ಅವುಗಳ ದಿನಾಂಕಗಳು ಆಗ ಆಧಾರವಾಗಿ ನಿಲ್ಲುತ್ತವೆ. ಬಾಯಿಮಾತಿನಲ್ಲಿ 'ನಾಳೆ ಬಾ' ಎನಿಸಿಕೊಂಡು ತಿರುಗುವವರಿಗೆ ಬರಹದ ಈ ಬಲವನ್ನು ಮನಗಾಣಿಸುವುದು ಮುಖ್ಯ.

ಅಂಗವಿಕಲ ವಿದ್ಯಾರ್ಥಿಗಳೊಂದಿಗೆ

ಕಣ್ಣು ಕಾಣದವರು ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಗಳನ್ನು ಬಳಸಿ ಮೇಲ್ ಓದುತ್ತಾರೆ, ಬರೆಯುತ್ತಾರೆ. ಪಾಠದ ಹಾಳೆಗಳನ್ನು ಫೋಟೊ ರೂಪದಲ್ಲಿ ಕೊಟ್ಟರೆ ಆ ತಂತ್ರಾಂಶಗಳಿಗೆ ಸರಿಯಾಗಿ ಓದಲು ಆಗುವುದಿಲ್ಲ, ಅಕ್ಷರವಾಗಿಯೇ ಕೊಡಬೇಕು. 'ಕೆಂಪು ಬಟನ್ ಒತ್ತಿ' ಎಂಬ ಸೂಚನೆ ಅವರಿಗೆ ಉಪಯೋಗವಿಲ್ಲ, ಬಟನ್ನಿನ ಹೆಸರು ಹೇಳಿ.

ಸಂದರ್ಶನಕ್ಕೆ ತಮಗೆ ಬೇಕಾದ ಅನುಕೂಲವನ್ನು ಮುಜುಗರವಿಲ್ಲದೆ ಕೇಳುವ ವಾಕ್ಯವನ್ನೂ ಅಭ್ಯಾಸ ಮಾಡಿಸಿ. 'ನಾನು ಗಾಲಿಕುರ್ಚಿ ಬಳಸುತ್ತೇನೆ. ಸಂದರ್ಶನದ ಕೊಠಡಿ ನೆಲಮಹಡಿಯಲ್ಲಿದೆಯೇ, ಲಿಫ್ಟ್ ಇದೆಯೇ ಎಂದು ತಿಳಿಸಬೇಕೆಂದು ಕೋರುತ್ತೇನೆ.' 'ನನಗೆ ಕಿವಿ ಕೇಳಿಸುವುದಿಲ್ಲ. ದೂರವಾಣಿಯ ಬದಲು ಮೇಲ್ ಮೂಲಕ ಸಂಪರ್ಕಿಸಬೇಕೆಂದು ಕೋರುತ್ತೇನೆ.' ಕ್ಷಮೆಯ ಮಾತು ಬೇಕಿಲ್ಲ. ಸೂಕ್ತ ಅನುಕೂಲ ಕಲ್ಪಿಸಬೇಕೆಂಬ ತತ್ವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲೇ ಇದೆ.

ತರಗತಿ ನಡೆಸುವ ಬಗೆ

ಆರು ತರಗತಿಗಳು, ತಲಾ ಒಂದೂವರೆ ಗಂಟೆ, ಹದಿನೈದಕ್ಕಿಂತ ಹೆಚ್ಚು ಜನ ಬೇಡ. ಇಬ್ಬರಿಗೆ ಒಂದು ಮೊಬೈಲ್ ಇದ್ದರೂ ನಡೆಯುತ್ತದೆ. ತಪ್ಪಿರುವ ಮೇಲ್ ತೋರಿಸುವಾಗ ಬರೆದವರ ಹೆಸರು ಮರೆಮಾಡಿ, ಆದಷ್ಟೂ ಹಿಂದಿನ ತಂಡದವರದನ್ನು ಅವರ ಒಪ್ಪಿಗೆ ಪಡೆದು ಬಳಸಿ. ಕೆಂಪು ಶಾಯಿ ನಾನು ಬಿಟ್ಟೇಬಿಟ್ಟಿದ್ದೇನೆ.

ಸುಳ್ಳು ವಿಳಾಸಕ್ಕೆ ಬರೆಸುವ ಅಭ್ಯಾಸದಿಂದ ಹೆಚ್ಚು ಪ್ರಯೋಜನವಿಲ್ಲ. ಪರಿಚಯದ ನಿವೃತ್ತ ಬ್ಯಾಂಕ್ ನೌಕರರು, ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಊರಿನವರು, ಹೀಗೆ ನಾಲ್ಕೈದು ಜನರನ್ನು ಮೊದಲೇ ಒಪ್ಪಿಸಿಡಿ. ಪ್ರತಿ ವಿದ್ಯಾರ್ಥಿಯೂ ಅವರಲ್ಲೊಬ್ಬರಿಗೆ ನಿಜವಾದ ಪ್ರಶ್ನೆಯೊಂದನ್ನು ಬರೆಯಲಿ, ಅವರು ಎರಡು ದಿನದೊಳಗೆ ಉತ್ತರಿಸಲಿ. ಉತ್ತರ ಬಂದ ಮೇಲೆ ಧನ್ಯವಾದದ ಮೇಲ್. ಹೀಗೆ ಬೆಳೆದ ಪರಿಚಯಗಳು ತರಗತಿ ಮುಗಿದ ಮೇಲೂ ಉಳಿದಿರುವುದನ್ನು ನಾನು ಬಲ್ಲೆ.

ಮೇಲ್ ಪಡೆಯುವವರಿಗೆ

ಈ ಕೈಪಿಡಿಯ ಒಂದು ಪ್ರತಿ ಕೆಲಸ ಕೊಡುವವರ ಮೇಜಿಗೂ ಹೋಗಬೇಕು. ವಿಷಯದ ಸಾಲು ಖಾಲಿ ಇದ್ದ ಮಾತ್ರಕ್ಕೆ ಅರ್ಜಿಯನ್ನು ಪಕ್ಕಕ್ಕೆ ತಳ್ಳಬೇಡಿ, ಲಗತ್ತನ್ನು ತೆರೆದು ಅಂಕಪಟ್ಟಿ ನೋಡಿ. ಲೆಕ್ಕ ಬರೆಯುವ ಹುದ್ದೆಗೆ ಇಂಗ್ಲಿಷಿನ ಸೊಗಸು ಎಷ್ಟು ಬೇಕು ಎಂದು ಕೇಳಿಕೊಳ್ಳಿ. ಅರ್ಜಿ ತಲುಪಿತೆಂದು ತಿಳಿಸುವ ಸ್ವಯಂಚಾಲಿತ ಉತ್ತರವನ್ನಾದರೂ ಇಟ್ಟುಕೊಳ್ಳಿ. ಜಾಹೀರಾತಿನಲ್ಲಿ ನಿಮಗೆ ಬೇಕಾದುದನ್ನು ಬಿಡಿಸಿ ಬರೆಯಿರಿ. ನಾವು ಒಂದು ಸಂಸ್ಥೆಗೆ ಬರೆದುಕೊಟ್ಟ ಮಾದರಿ ಇದು, ಯಾರು ಬೇಕಾದರೂ ಬಳಸಿಕೊಳ್ಳಬಹುದು:

'ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು ಮತ್ತು ನಿಮ್ಮ ಹೆಸರನ್ನು ಬರೆಯಿರಿ. ಬಯೋಡೇಟಾ ಮತ್ತು ಅಂಕಪಟ್ಟಿಯನ್ನು ಪಿಡಿಎಫ್ ರೂಪದಲ್ಲಿ ಲಗತ್ತಿಸಿ. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಬಹುದು. ಹತ್ತು ದಿನದೊಳಗೆ ಉತ್ತರ ಬಾರದಿದ್ದರೆ ಇದೇ ವಿಳಾಸಕ್ಕೆ ಮತ್ತೊಮ್ಮೆ ಬರೆಯಿರಿ.'